ಕೃತಕ ಕೈಗಳ ಹೊಸ ಯುಗ: ತಂತ್ರಜ್ಞಾನ ಬಂದಿದೆ, ತಲುಪುವುದು ಯಾವಾಗ?

ಕೆಲವು ಸಮಯದ ಹಿಂದೆ ಒಂದು ಮನೆಗೆ ಭೇಟಿ ನೀಡಿದ್ದೆ. ಮನೆಯ ಯಜಮಾನರು ಮರದ ಮಿಲ್ಲಿನಲ್ಲಿ ದುಡಿಯುತ್ತಿದ್ದವರು. ಗರಗಸಕ್ಕೆ ಸಿಕ್ಕಿ ಅವರ ಬಲಗೈ ಮಣಿಕಟ್ಟಿನ ಮೇಲಿನಿಂದ ತುಂಡಾಗಿ ವರ್ಷಗಳೇ ಕಳೆದಿವೆ. ಮಾತಿನ ನಡುವೆ ಕಪಾಟಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ವಸ್ತುವೊಂದು ನನ್ನ ಕಣ್ಣಿಗೆ ಬಿತ್ತು. ಅದು ಯಾವುದೋ ಶಿಬಿರದಲ್ಲಿ ಅವರಿಗೆ ಉಚಿತವಾಗಿ ದೊರೆತ ಕೃತಕ ಕೈ. "ಹಾಕಿಕೊಳ್ಳುವುದಿಲ್ಲವೇ?" ಎಂದು ಕೇಳಿದೆ. ಅವರು ನಕ್ಕು, "ಫೋಟೋ ತೆಗೆಯಲಿಕ್ಕೆ ಅದು ಲಾಯ್ಕ ಉಂಟು ಫಾದರ್. ಕೆಲಸಕ್ಕೆ ಇದೇ ಸಾಕು" ಎಂದು ತಮ್ಮ ಮೋಟುಗೈಯನ್ನು ತೋರಿಸಿದರು. ಆ ಕೈಯಿಂದಲೇ ತೆಂಗಿನಕಾಯಿಯನ್ನು ಎದೆಗೆ ಒತ್ತಿ ಹಿಡಿದು ಎಡಗೈಯಲ್ಲಿ ಕತ್ತಿ ಹಿಡಿದು ಒಡೆಯುವುದನ್ನು ಅವರು ಕಲಿತುಕೊಂಡಿದ್ದರು.

ಕೃತಕ ಕೈಗಳ ಬಗ್ಗೆ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಬರುವ ಸುದ್ದಿಗಳನ್ನು ಕಂಡಾಗಲೆಲ್ಲ ನನಗೆ ಕಪಾಟಿನ ಮೇಲಿನ ಆ ಕೈ ನೆನಪಾಗುತ್ತದೆ. ಮನಸ್ಸಿನಲ್ಲಿ ಯೋಚಿಸಿದರೆ ಬೆರಳಾಡಿಸುವ ಕೈ, ಮುಟ್ಟಿದ್ದನ್ನು ಅನುಭವಿಸುವ ಕೈ ಇಂದು ಕಲ್ಪನೆಯ ಮಾತಾಗಿ ಉಳಿದಿಲ್ಲ. ಆದರೂ ಕೈ ಕಳೆದುಕೊಂಡ ಅನೇಕರು ಸಿಕ್ಕಿದ ಕೃತಕ ಕೈಯನ್ನು ಬದಿಗಿಡುತ್ತಾರೆ. ಹೀಗೇಕೆ ಆಗುತ್ತದೆ? ವಿಜ್ಞಾನ ಎಲ್ಲಿಗೆ ತಲುಪಿದೆ, ಅದು ನಮ್ಮವರೆಗೆ ಬರಬೇಕಾದರೆ ಏನು ಬೇಕು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ರೋಮ್ ನಗರದಿಂದ ಬಂದ ಸುದ್ದಿ

2013ರ ಜನವರಿಯಲ್ಲಿ ರೋಮ್‌ನ ಜೆಮೆಲ್ಲಿ ಆಸ್ಪತ್ರೆಯಲ್ಲಿ ಒಂದು ಅಪರೂಪದ ಶಸ್ತ್ರಚಿಕಿತ್ಸೆ ನಡೆಯಿತು. ವಿಶ್ವಗುರುಗಳು ಅಸ್ವಸ್ಥರಾದಾಗ ದಾಖಲಾಗುವ ಆಸ್ಪತ್ರೆ ಎಂದು ನಮ್ಮ ಓದುಗರಿಗೆ ಇದರ ಪರಿಚಯವಿದೆ. ಪಟಾಕಿ ಅವಘಡದಲ್ಲಿ ಎಡಗೈ ಕಳೆದುಕೊಂಡಿದ್ದ ಡೆನ್ಮಾರ್ಕಿನ ವ್ಯಕ್ತಿಯೊಬ್ಬರ ತೋಳಿನ ನರಗಳಲ್ಲಿ ವೈದ್ಯರು ಕೂದಲೆಳೆಯಂಥ ಎಲೆಕ್ಟ್ರೋಡ್‌ಗಳನ್ನು ಜೋಡಿಸಿದರು. ಕೃತಕ ಬೆರಳುಗಳಲ್ಲಿ ಒತ್ತಡವನ್ನು ಅಳೆಯುವ ಸಂವೇದಕಗಳಿದ್ದವು. ಬೆರಳು ವಸ್ತುವನ್ನು ಒತ್ತಿದಾಗ ಆ ಒತ್ತಡ ವಿದ್ಯುತ್ ಸಂಕೇತವಾಗಿ ನರವನ್ನು ಸೇರುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿದ್ದರೂ ಆ ವ್ಯಕ್ತಿ ತಾನು ಹಿಡಿದ ವಸ್ತು ಗಟ್ಟಿಯೋ ಮೆದುವೋ, ದುಂಡಗಿದೆಯೋ ಇಲ್ಲವೋ ಎಂದು ಗುರುತಿಸಿದರು. ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಸಂಶೋಧಕರ ಈ ಪ್ರಯೋಗದ ವರದಿ 2014ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಆದರೆ ಅದು ಪ್ರಯೋಗ ಮಾತ್ರವಾಗಿತ್ತು. ನಿಯಮದ ಪ್ರಕಾರ ಸುಮಾರು ಒಂದು ತಿಂಗಳ ಬಳಿಕ ಎಲೆಕ್ಟ್ರೋಡ್‌ಗಳನ್ನು ತೆಗೆಯಬೇಕಾಯಿತು. ಅವರು ಮತ್ತೆ ತಮ್ಮ ಹಳೆಯ ಕೃತಕ ಕೈಗೆ ಮರಳಿದರು.

ಕೈ ಏಕೆ ಇಷ್ಟು ಕಷ್ಟ?

ಕೃತಕ ಕಾಲಿನ ವಿಷಯದಲ್ಲಿ ನಮ್ಮ ದೇಶ ಜಗತ್ತಿಗೇ ದಾರಿ ತೋರಿಸಿದೆ. 1960ರ ದಶಕದ ಕೊನೆಯಲ್ಲಿ ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆ ತಜ್ಞ ಡಾ. ಪಿ.ಕೆ. ಸೇಠಿ ರೂಪಿಸಿದ 'ಜೈಪುರ ಕಾಲು' ಲಕ್ಷಾಂತರ ಮಂದಿಯನ್ನು ನಡೆಸಿದೆ. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬರಿಗಾಲಲ್ಲಿ ನಡೆಯುವ, ನೆಲದ ಮೇಲೆ ಕುಳಿತುಕೊಳ್ಳುವ, ಕೆಸರಿನ ಗದ್ದೆಗೆ ಇಳಿಯುವ ನಮ್ಮ ಜನರ ಬದುಕನ್ನು ನೋಡಿ ಅದನ್ನು ಮಾಡಿದ್ದೇ ಅದರ ಯಶಸ್ಸಿನ ಗುಟ್ಟು.

ಆದರೆ ಕೈಯ ಲೆಕ್ಕವೇ ಬೇರೆ. ಕಾಲಿನ ಮುಖ್ಯ ಕೆಲಸ ಭಾರ ಹೊರುವುದು ಮತ್ತು ನಡೆಯುವುದು. ಕೈ ಕ್ಷಣಕ್ಕೊಂದು ಕೆಲಸ ಮಾಡುತ್ತದೆ. ಅನ್ನ ಕಲಸುವುದು, ಅಂಗಿಯ ಗುಂಡಿ ಹಾಕುವುದು, ಮೀನು ಕೊಯ್ಯುವುದು, ಜಪಸರದ ಮಣಿ ಸರಿಸುವುದು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವುದು, ಇವೆಲ್ಲ ಅದರದ್ದೇ ಕೆಲಸ. ಒಂದು ಕೈಯಲ್ಲಿ 27 ಮೂಳೆಗಳಿವೆ. ಅಂಗೈ ಮತ್ತು ಬೆರಳುಗಳ ಚರ್ಮದಲ್ಲಿ ಸ್ಪರ್ಶವನ್ನು ಗ್ರಹಿಸುವ ಸುಮಾರು 17,000 ನರತಂತುಗಳಿವೆ. ಮೊಟ್ಟೆಯನ್ನು ಒಡೆಯದಂತೆ, ಸುತ್ತಿಗೆಯನ್ನು ಜಾರದಂತೆ ಹಿಡಿಯಲು ನಾವು ಲೆಕ್ಕ ಹಾಕುವುದಿಲ್ಲ. ಚರ್ಮವೇ ಮಿದುಳಿಗೆ ತಿಳಿಸುತ್ತದೆ. ಸ್ಪರ್ಶವಿಲ್ಲದ ಕೃತಕ ಕೈಯವರು ಪ್ರತಿಯೊಂದನ್ನೂ ಕಣ್ಣಿನಿಂದ ನೋಡಿಕೊಂಡೇ ಹಿಡಿಯಬೇಕು. ಅದು ಎಷ್ಟು ದಣಿವಿನ ಕೆಲಸ ಎಂಬುದನ್ನು ಎರಡು ಕೈ ಇರುವ ನಾವು ಊಹಿಸಲಾರೆವು.

ಕಬ್ಬಿಣದ ಕೈಯಿಂದ ಸ್ನಾಯುವಿನ ಸಂಕೇತದವರೆಗೆ

ಈ ಪ್ರಯತ್ನಕ್ಕೆ ಶತಮಾನಗಳ ಇತಿಹಾಸವಿದೆ. 1504ರಲ್ಲಿ ಯುದ್ಧದಲ್ಲಿ ಕೈ ಕಳೆದುಕೊಂಡ ಜರ್ಮನಿಯ ಯೋಧ ಗೋಟ್ಸ್ ಫಾನ್ ಬೆರ್ಲಿಷಿಂಗೆನ್ ಕಬ್ಬಿಣದ ಕೈ ಮಾಡಿಸಿಕೊಂಡಿದ್ದ. ಅದರ ಬೆರಳುಗಳನ್ನು ಇನ್ನೊಂದು ಕೈಯಿಂದ ಮಡಚಬಹುದಾಗಿತ್ತು. 1912ರಲ್ಲಿ ಅಮೇರಿಕದ ಡಾರೆನ್ಸ್ ಎಂಬವರು ಎರಡಾಗಿ ತೆರೆದುಕೊಳ್ಳುವ ಕೊಕ್ಕೆಗೆ ಪೇಟೆಂಟ್ ಪಡೆದರು. ಭುಜಕ್ಕೆ ಕಟ್ಟಿದ ಪಟ್ಟಿಯಿಂದ ಒಂದು ತಂತಿ ಕೊಕ್ಕೆಗೆ ಹೋಗುತ್ತದೆ. ಭುಜವನ್ನು ಮುಂದಕ್ಕೆ ತಂದರೆ ಕೊಕ್ಕೆ ತೆರೆಯುತ್ತದೆ, ಸಡಿಲಿಸಿದರೆ ಮುಚ್ಚುತ್ತದೆ. ನೂರು ವರ್ಷಗಳು ದಾಟಿದರೂ ಈ ಬಗೆಯ ಕೊಕ್ಕೆ ಬಳಕೆಯಿಂದ ಮರೆಯಾಗಿಲ್ಲ ಎಂಬುದು ಗಮನಾರ್ಹ.

ವಿದ್ಯುತ್ ಕೈಯ ಕಲ್ಪನೆ 1940ರ ದಶಕದಲ್ಲಿ ಜರ್ಮನಿಯಲ್ಲಿ ಹುಟ್ಟಿತು. 1960ರ ಹೊತ್ತಿಗೆ ಸೋವಿಯತ್ ವಿಜ್ಞಾನಿಗಳು ಅದನ್ನು ರೋಗಿಗಳಿಗೆ ತೊಡಿಸಿ ತೋರಿಸಿದರು. ಇದರ ಹಿಂದಿನ ತತ್ವ ಸರಳವಾದುದು. ಬೆರಳುಗಳನ್ನು ಆಡಿಸುವ ಸ್ನಾಯುಗಳಲ್ಲಿ ಹೆಚ್ಚಿನವು ಮುಂಗೈಯಲ್ಲಿವೆ. ಅಂಗೈ ಹೋದರೂ ಅವು ಉಳಿದಿರುತ್ತವೆ. "ಬೆರಳು ಮಡಚು" ಎಂದು ಮನಸ್ಸು ಮಾಡಿದಾಗ ಆ ಸ್ನಾಯುವಿನಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಚರ್ಮದ ಮೇಲಿನ ಎಲೆಕ್ಟ್ರೋಡ್ ಅದನ್ನು ಗ್ರಹಿಸಿ ಮೋಟಾರನ್ನು ತಿರುಗಿಸುತ್ತದೆ. ಬಹುಕಾಲ ಇಂಥ ಕೈ ಇಕ್ಕಳದಂತೆ ತೆರೆದು ಮುಚ್ಚುವುದನ್ನು ಮಾತ್ರ ಮಾಡುತ್ತಿತ್ತು.

2000ದ ನಂತರದ ವೇಗ

ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಸೈನಿಕರು ಕೈಕಾಲು ಕಳೆದುಕೊಂಡು ಮರಳಲಾರಂಭಿಸಿದಾಗ ಅಮೇರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ದಾರ್ಪಾ 2006ರಲ್ಲಿ ಕೃತಕ ಕೈಗಳಿಗಾಗಿ ದೊಡ್ಡ ಯೋಜನೆಯನ್ನು ಕೈಗೊಂಡಿತು. ಅದರ ಫಲವಾದ 'ಡೆಕಾ' ತೋಳಿಗೆ 2014ರ ಮೇ ತಿಂಗಳಿನಲ್ಲಿ ಅಲ್ಲಿನ ಸರಕಾರದ ಅನುಮತಿ ದೊರೆಯಿತು. ಮನುಷ್ಯನ ಅಂಗವನ್ನು ಸರಿಪಡಿಸುವ ವಿದ್ಯೆಗೆ ಮನುಷ್ಯನ ಅಂಗವನ್ನು ಕತ್ತರಿಸುವ ಯುದ್ಧವೇ ಹಣ ಒದಗಿಸಬೇಕಾಯಿತು ಎಂಬುದು ನಮ್ಮ ಕಾಲದ ದುರಂತ. 2007ರಲ್ಲಿ ಸ್ಕಾಟ್ಲೆಂಡಿನ ಕಂಪೆನಿಯೊಂದು ಐದೂ ಬೆರಳುಗಳಿಗೆ ಪ್ರತ್ಯೇಕ ಮೋಟಾರು ಇರುವ 'ಐ-ಲಿಂಬ್' ಕೈಯನ್ನು ಮಾರುಕಟ್ಟೆಗೆ ತಂದಿತು.

ಶಿಕಾಗೋದಲ್ಲಿ ಡಾ. ಟಾಡ್ ಕ್ವೀಕೆನ್ ಇನ್ನೊಂದು ದಾರಿ ಕಂಡುಹಿಡಿದರು. ತೋಳು ಭುಜದಿಂದಲೇ ಹೋದವರಿಗೆ ಸಂಕೇತ ಕೊಡಲು ಸ್ನಾಯುವೇ ಉಳಿದಿರುವುದಿಲ್ಲ. ಆದರೆ ಕೈಗೆ ಹೋಗುತ್ತಿದ್ದ ನರ ಜೀವಂತವಾಗಿರುತ್ತದೆ. ಆ ನರವನ್ನು ಎದೆಯ ಸ್ನಾಯುವಿಗೆ ಜೋಡಿಸಿದರು. ವಿದ್ಯುತ್ ಆಘಾತದಿಂದ ಎರಡೂ ತೋಳು ಕಳೆದುಕೊಂಡಿದ್ದ ಲೈನ್‌ಮನ್ ಒಬ್ಬರು ಈ ಚಿಕಿತ್ಸೆ ಪಡೆದವರಲ್ಲಿ ಮೊದಲಿಗರು. "ಕೈ ಮುಚ್ಚು" ಎಂದು ಯೋಚಿಸಿದರೆ ಎದೆಯ ಸ್ನಾಯು ಅದುರುತ್ತದೆ, ಕೃತಕ ಕೈ ಮುಚ್ಚುತ್ತದೆ. ಎದೆಯ ಆ ಭಾಗವನ್ನು ಮುಟ್ಟಿದಾಗ ಇಲ್ಲದ ಕೈಯನ್ನು ಯಾರೋ ಮುಟ್ಟಿದಂತೆ ಅನಿಸುತ್ತದೆ ಎಂಬುದೂ ಆಗ ತಿಳಿದುಬಂತು.

ಸ್ವೀಡನ್‌ನಲ್ಲಿ ಟೈಟಾನಿಯಂ ಲೋಹದ ಕಂಬಿಯನ್ನು ನೇರವಾಗಿ ಮೂಳೆಯೊಳಗೆ ಕೂರಿಸಿ ಅದಕ್ಕೆ ಕೃತಕ ಅಂಗವನ್ನು ಜೋಡಿಸುವ ವಿಧಾನ ಬೆಳೆಯಿತು. ಹಲ್ಲು ಕಟ್ಟಿಸುವಾಗ ದವಡೆಗೆ ಇಂಪ್ಲಾಂಟ್ ಹಾಕುತ್ತಾರಲ್ಲ, ಅದೇ ವಿದ್ಯೆ. 2013ರಲ್ಲಿ ಗೋಥೆನ್‌ಬರ್ಗ್‌ನಲ್ಲಿ ಟ್ರಕ್ ಚಾಲಕರೊಬ್ಬರಿಗೆ ಈ ಕಂಬಿಯ ಮೂಲಕವೇ ನರ ಮತ್ತು ಸ್ನಾಯುಗಳ ಸಂಪರ್ಕವನ್ನೂ ಕೊಡಲಾಯಿತು. ಅವರು ಆ ಕೈಯೊಂದಿಗೆ ತಮ್ಮ ಕೆಲಸಕ್ಕೆ ಮರಳಿದರು. ಹೀಗೆ ಕೈ ಪಡೆದವರು ಮೂರರಿಂದ ಏಳು ವರ್ಷ ಅದನ್ನು ದಿನನಿತ್ಯ ಬಳಸಿದ್ದಾರೆಂಬ ವರದಿ 2020ರಲ್ಲಿ ಬಂತು. ರೋಮ್‌ನಲ್ಲಿ ಒಂದು ತಿಂಗಳು ಸಾಧ್ಯವಾದದ್ದು ಇಲ್ಲಿ ವರ್ಷಗಟ್ಟಲೆ ಉಳಿಯಿತು. ನನ್ನ ದೃಷ್ಟಿಯಲ್ಲಿ ಇದೇ ನಿಜವಾದ ಪ್ರಗತಿ.

ಬೆನ್ನುಹುರಿಗೆ ಪೆಟ್ಟಾಗಿ ಕೈಗಳ ಸ್ವಾಧೀನ ಕಳೆದುಕೊಂಡವರಿಗಾಗಿ ಮಿದುಳಿನಲ್ಲೇ ಎಲೆಕ್ಟ್ರೋಡ್ ಇಡುವ ಪ್ರಯೋಗಗಳೂ ನಡೆಯುತ್ತಿವೆ. 2012ರಲ್ಲಿ ಪ್ರಕಟವಾದ ವರದಿಯಂತೆ ಅಮೇರಿಕದ ಮಹಿಳೆಯೊಬ್ಬರು ಯೋಚನೆಯಿಂದಲೇ ಯಂತ್ರದ ತೋಳನ್ನು ನಡೆಸಿ ಕಾಫಿ ಬಾಟ್ಲಿಯನ್ನು ತಮ್ಮ ಬಾಯಿಗೆ ತಂದುಕೊಂಡರು. ಪಿಟ್ಸ್‌ಬರ್ಗ್‌ನ ಸಂಶೋಧಕರು 2021ರಲ್ಲಿ ಪ್ರಕಟಿಸಿದ ವರದಿಯಂತೆ, ಸ್ಪರ್ಶದ ಅನುಭವವನ್ನು ಮಿದುಳಿಗೆ ಮರಳಿ ಕೊಟ್ಟಾಗ ವಸ್ತುವನ್ನು ಎತ್ತಿ ಇಡಲು ಹಿಡಿಯುವ ಸಮಯ ಸುಮಾರು 21 ಸೆಕೆಂಡುಗಳಿಂದ 10 ಸೆಕೆಂಡುಗಳಿಗೆ ಇಳಿಯಿತು. ಕೈಗೆ ಶಕ್ತಿ ಎಷ್ಟು ಮುಖ್ಯವೋ ಸ್ಪರ್ಶವೂ ಅಷ್ಟೇ ಮುಖ್ಯ ಎಂಬುದಕ್ಕೆ ಇದು ಸಾಕ್ಷಿ.

ಕೊಕ್ಕೆ ಗೆದ್ದ ಪಂದ್ಯ

ಇಷ್ಟೆಲ್ಲ ಓದಿದ ಮೇಲೆ ಇನ್ನೊಂದು ಘಟನೆಯನ್ನೂ ತಿಳಿದುಕೊಳ್ಳಬೇಕು. 2016ರ ಅಕ್ಟೋಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಬಳಿ 'ಸೈಬಾಥ್ಲಾನ್' ಎಂಬ ಸ್ಪರ್ಧೆ ನಡೆಯಿತು. ಕೃತಕ ಅಂಗ ಧರಿಸಿದವರು ಬ್ರೆಡ್ ಕತ್ತರಿಸುವುದು, ಡಬ್ಬಿ ತೆರೆಯುವುದು, ಬಟ್ಟೆ ಒಣಗಲು ಹಾಕುವುದು ಮುಂತಾದ ಮನೆಗೆಲಸಗಳನ್ನು ಪಂದ್ಯದ ರೂಪದಲ್ಲಿ ಮಾಡಬೇಕು. ಹಲವು ಬೆರಳುಗಳ, ಮೋಟಾರುಗಳ ಆಧುನಿಕ ಕೈಗಳು ಅಲ್ಲಿದ್ದವು. ಕೈಗಳ ವಿಭಾಗದಲ್ಲಿ ಗೆದ್ದದ್ದು ನೆದರ್ಲೆಂಡ್ಸ್‌ನ ಡೆಲ್ಫ್ಟ್ ವಿಶ್ವವಿದ್ಯಾಲಯದ ತಂಡ. ಅವರ ಸ್ಪರ್ಧಿ ಧರಿಸಿದ್ದ ಕೈಗೆ ಬ್ಯಾಟರಿಯೇ ಇರಲಿಲ್ಲ. ಭುಜದ ಎಳೆತದಿಂದ ನಡೆಯುವ ಹಳೆಯ ತತ್ವದ ಕೈ ಅದು!

ಏಕೆ ಹೀಗಾಯಿತು? ತಂತಿ ಎಳೆಯುವಾಗ ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ ಎಂಬುದು ಭುಜಕ್ಕೆ ತಿಳಿಯುತ್ತದೆ. ಅದೇ ಒಂದು ಬಗೆಯ ಸ್ಪರ್ಶ. ಭಾರ ಕಡಿಮೆ, ಕೆಟ್ಟುಹೋಗುವುದೂ ಕಡಿಮೆ. ಹೀಗೆಂದು ಕೊಕ್ಕೆಯೇ ಶ್ರೇಷ್ಠ ಎನ್ನುವಂತಿಲ್ಲ. ಭುಜಕ್ಕೆ ಪಟ್ಟಿ ಬಿಗಿಯುವುದು ಕಿರಿಕಿರಿಯ ಕೆಲಸ. ಯಾರಿಗೆ, ಯಾವ ಕೆಲಸಕ್ಕೆ ಎಂಬುದನ್ನು ನೋಡಿ ಕೈಯನ್ನು ಆರಿಸಬೇಕು ಎಂಬುದೇ ಇಲ್ಲಿನ ಪಾಠ.

2007ರಲ್ಲಿ ಪ್ರಕಟವಾದ, ಅದಕ್ಕೆ ಹಿಂದಿನ 25 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ವರದಿಯೊಂದರ ಪ್ರಕಾರ ವಯಸ್ಕರಲ್ಲಿ ತಂತಿಯ ಕೈ ಪಡೆದವರಲ್ಲಿ ಸರಾಸರಿ 26 ಶೇಕಡಾ, ವಿದ್ಯುತ್ ಕೈ ಪಡೆದವರಲ್ಲಿ 23 ಶೇಕಡಾ ಮಂದಿ ಅದನ್ನು ತ್ಯಜಿಸಿದ್ದರು. ಮಕ್ಕಳಲ್ಲಿ ಈ ಪ್ರಮಾಣ 45 ಮತ್ತು 35 ಶೇಕಡಾ. ಶ್ರೀಮಂತ ದೇಶಗಳಲ್ಲೇ ಸ್ಥಿತಿ ಹೀಗಿರುವಾಗ ಕಪಾಟಿನ ಮೇಲೆ ಕೈಯನ್ನು ಇಟ್ಟ ನಮ್ಮ ಸಹೋದರನನ್ನು ಸೋಮಾರಿ, ಕೃತಜ್ಞತೆ ಇಲ್ಲದವ ಎಂದು ದೂಷಿಸುವಂತಿಲ್ಲ. ಮೋಟುಗೈಯನ್ನು ಸೇರಿಸುವ ಬಟ್ಟಲಿನಂಥ ಸಾಕೆಟ್ ಸರಿಯಾಗಿ ಹೊಂದದಿದ್ದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಅದರೊಳಗೆ ಬೆವರು ತುಂಬುತ್ತದೆ. ನಾಲ್ಕು ತಿಂಗಳ ಮಳೆ, ಉಪ್ಪು ನೀರು, ಮೀನಿನ ಬುಟ್ಟಿ, ತೋಟದ ಕೆಸರು, ಇವು ಯಾವುದೂ ಬ್ಯಾಟರಿ ಮತ್ತು ಮೋಟಾರಿನ ಕೈಗೆ ಮಿತ್ರರಲ್ಲ.

ನಮ್ಮ ದೇಶದಲ್ಲಿ

ಭಾರತದಲ್ಲಿ ಕಾನ್ಪುರದ ಅಲಿಮ್ಕೋ ಸರಕಾರಿ ಸಂಸ್ಥೆ 1970ರ ದಶಕದಿಂದ ಕೃತಕ ಅಂಗಗಳನ್ನು ತಯಾರಿಸುತ್ತಿದೆ. ಕೇಂದ್ರ ಸರಕಾರದ 'ಎಡಿಪ್' ಯೋಜನೆಯಲ್ಲಿ ನಿಗದಿತ ಆದಾಯ ಮಿತಿಯೊಳಗಿನ, 40 ಶೇಕಡಾ ಅಥವಾ ಹೆಚ್ಚಿನ ಅಂಗವೈಕಲ್ಯದ ಪ್ರಮಾಣಪತ್ರ ಇರುವವರಿಗೆ ಸಾಧನಗಳು ಉಚಿತವಾಗಿ ಅಥವಾ ರಿಯಾಯಿತಿಯಲ್ಲಿ ದೊರೆಯುತ್ತವೆ. ಇ.ಎಸ್.ಐ. ವಿಮೆ ಇರುವ ಕಾರ್ಮಿಕರಿಗೂ ಕೃತಕ ಅಂಗ ಪಡೆಯುವ ಅವಕಾಶವಿದೆ. ಅಮೇರಿಕದ ವಿನ್ಯಾಸಕಾರರೊಬ್ಬರು ಅಪಘಾತದಲ್ಲಿ ತೀರಿಕೊಂಡ ತಮ್ಮ ಮಗಳ ನೆನಪಿಗಾಗಿ ರೂಪಿಸಿದ 'ಎಲ್.ಎನ್-4' ಎಂಬ ಸರಳ ಕೈಯನ್ನು ರೋಟರಿ ಕ್ಲಬ್‌ಗಳು ನಮ್ಮಲ್ಲೂ ಉಚಿತವಾಗಿ ತೊಡಿಸುತ್ತಾ ಬಂದಿವೆ. ಬ್ಯಾಟರಿ ಇಲ್ಲದ ಈ ಕೈಯ ಬೆರಳುಗಳನ್ನು ಇನ್ನೊಂದು ಕೈಯಿಂದ ಒತ್ತಿ ಬಿಗಿಗೊಳಿಸಬೇಕು. ಮೊಣಕೈಯ ಕೆಳಗೆ ಸಾಕಷ್ಟು ಉದ್ದ ಉಳಿದವರಿಗೆ ಮಾತ್ರ ಇದು ಹೊಂದುತ್ತದೆ.

ಹೊರದೇಶಗಳಿಂದ ಬರುವ ಹಲವು ಬೆರಳುಗಳ ಕೈಗೆ ಹಲವು ಲಕ್ಷ ರೂಪಾಯಿ ಬೇಕು. ಮೂರು ಆಯಾಮದ ಮುದ್ರಣ, ಅಂದರೆ ತ್ರೀಡಿ ಪ್ರಿಂಟಿಂಗ್ ಬಂದ ಮೇಲೆ ಇದರಲ್ಲಿ ಬದಲಾವಣೆ ಕಾಣುತ್ತಿದೆ. ಹೈದರಾಬಾದ್, ಪುಣೆ, ಮುಂಬಯಿ, ಬೆಂಗಳೂರುಗಳ ಯುವ ಎಂಜಿನಿಯರುಗಳು ಕಡಿಮೆ ವೆಚ್ಚದ ವಿದ್ಯುತ್ ಕೈಗಳನ್ನು ತಯಾರಿಸಲು ಮುಂದಾಗಿದ್ದಾರೆ. ಬಿಡಿಭಾಗ ಇಲ್ಲಿಯೇ ಸಿಗುವುದು, ದುರಸ್ತಿಗೆ ವಿದೇಶಕ್ಕೆ ಕಳುಹಿಸುವ ಅಗತ್ಯ ಇಲ್ಲದಿರುವುದು ಇದರ ದೊಡ್ಡ ಲಾಭ.

ಇನ್ನೊಂದು ದಾರಿ ಕೈಗಳ ಕಸಿ. 2015ರ ಜನವರಿಯಲ್ಲಿ ನಮ್ಮ ನೆರೆಯ ಕೊಚ್ಚಿಯ ಅಮೃತ ಆಸ್ಪತ್ರೆಯಲ್ಲಿ ಎರಡೂ ಕೈ ಕಳೆದುಕೊಂಡಿದ್ದ ಯುವಕನೊಬ್ಬನಿಗೆ ಮೃತ ದಾನಿಯ ಕೈಗಳನ್ನು ಜೋಡಿಸಿದ್ದು ದೇಶದಲ್ಲೇ ಪ್ರಥಮ. ನೇತ್ರದಾನ, ಮೂತ್ರಪಿಂಡ ದಾನದ ಬಗ್ಗೆ ಮಾತನಾಡುವ ನಾವು ಕೈಗಳ ದಾನವೂ ಇದೆ ಎಂಬುದನ್ನು ತಿಳಿದಿರಬೇಕು. ಆದರೆ ಕಸಿಯಾದವರು ದೇಹವು ಹೊಸ ಕೈಯನ್ನು ತಿರಸ್ಕರಿಸದಂತೆ ಜೀವನವಿಡೀ ಔಷಧಿ ಸೇವಿಸಬೇಕು. ಆ ಔಷಧಿಗಳು ಸೋಂಕನ್ನು ಎದುರಿಸುವ ಶಕ್ತಿಯನ್ನು ಕುಗ್ಗಿಸುತ್ತವೆ. ಆದ್ದರಿಂದ ಇದು ಎಲ್ಲರಿಗೂ ಸಲ್ಲುವ ದಾರಿಯಲ್ಲ.

ಕಾನೂನು ಏನು ಹೇಳುತ್ತದೆ?

1923ರ ಕಾರ್ಮಿಕರ ಪರಿಹಾರ ಕಾಯಿದೆ ಒಂದು ಕೈ ಹೋದರೆ ದುಡಿಯುವ ಸಾಮರ್ಥ್ಯ 60 ಶೇಕಡಾ, ತೋಳು ಭುಜದ ಸಂದಿನಿಂದಲೇ ಹೋದರೆ 90 ಶೇಕಡಾ ನಷ್ಟವಾಯಿತೆಂದು ಲೆಕ್ಕ ಹಾಕಿತ್ತು. ಆ ಲೆಕ್ಕದಲ್ಲಿ ಹಣ ಕೊಟ್ಟು ಕೈತೊಳೆದುಕೊಳ್ಳುವುದೇ ನಮ್ಮಲ್ಲಿ ರೂಢಿಯಾಯಿತು. ಆದರೆ ಕೃತಕ ಅಂಗ ಒಮ್ಮೆ ಕೊಂಡರೆ ಮುಗಿಯುವುದಿಲ್ಲ. ಸಾಕೆಟ್ ಸಡಿಲವಾಗುತ್ತದೆ, ತಂತಿ ಸವೆಯುತ್ತದೆ, ಕೆಲವು ವರ್ಷಗಳಲ್ಲಿ ಇಡೀ ಸಾಧನವನ್ನೇ ಬದಲಿಸಬೇಕಾಗುತ್ತದೆ. 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡ ವ್ಯಕ್ತಿಯ ಪ್ರಕರಣದಲ್ಲಿ, ಕೃತಕ ಕಾಲನ್ನು ಮುಂದೆ ಬದಲಿಸುವ ಮತ್ತು ದುರಸ್ತಿ ಮಾಡುವ ವೆಚ್ಚವನ್ನೂ ಪರಿಹಾರದಲ್ಲಿ ಸೇರಿಸಿತು. ಇದೇ ನ್ಯಾಯ ಕೈಗೂ ಸಲ್ಲಬೇಕು. ಪರಿಹಾರಕ್ಕೆ ಅರ್ಜಿ ಹಾಕುವವರು, ಅವರಿಗೆ ನೆರವಾಗುವ ವಕೀಲರು ಈ ತೀರ್ಪನ್ನು ಗಮನಿಸುವುದು ಒಳ್ಳೆಯದು.

ನಾವು ಏನು ಮಾಡಬಹುದು?

ಶಿಬಿರ ಏರ್ಪಡಿಸಿ, ವೇದಿಕೆಯಲ್ಲಿ ಕೈಗಳನ್ನು ಹಂಚಿ, ಫೋಟೋ ತೆಗೆಸಿಕೊಳ್ಳುವುದು ಸುಲಭ. ಆರು ತಿಂಗಳು ಕಳೆದ ಮೇಲೆ "ಆ ಕೈ ಹೇಗಿದೆ?" ಎಂದು ವಿಚಾರಿಸುವವರು ವಿರಳ. ನಮ್ಮ ಧರ್ಮಕೇಂದ್ರಗಳಲ್ಲಿ, ಸಂಘಸಂಸ್ಥೆಗಳಲ್ಲಿ ಸೇವೆ ಮಾಡುವವರು ಕೆಲವು ವಿಷಯಗಳನ್ನು ನೆನಪಿಡಬಹುದು.

ಒಂದು, ಸಮಯ. ಗಾಯ ಒಣಗಿದ ಬಳಿಕ ಎಷ್ಟು ಬೇಗ ಕೃತಕ ಕೈ ತೊಡಿಸಿದರೆ ಅಷ್ಟು ಚೆನ್ನಾಗಿ ಅದು ಒಗ್ಗುತ್ತದೆ ಎಂಬುದು ತಜ್ಞರ ಅನುಭವ. ವರ್ಷಗಟ್ಟಲೆ ಒಂದೇ ಕೈಯಲ್ಲಿ ಬದುಕಲು ಕಲಿತವರಿಗೆ ಅದು ಹೊರೆಯಾಗಿಯೇ ಕಾಣಿಸುತ್ತದೆ. ಆದ್ದರಿಂದ ಅಪಘಾತವಾದ ಮೊದಲ ತಿಂಗಳುಗಳಲ್ಲೇ ಅಂಗವೈಕಲ್ಯದ ಪ್ರಮಾಣಪತ್ರ, ಗುರುತಿನ ಚೀಟಿ ಮಾಡಿಸಲು ವಾಳೆಯ ಗುರಿಕಾರರು ಕೈಜೋಡಿಸಿದರೆ ಅದು ದೊಡ್ಡ ಉಪಕಾರ.

ಎರಡು, ತರಬೇತಿ. ಕೈ ಕೊಟ್ಟರಷ್ಟೇ ಸಾಲದು. ಅದರಿಂದ ತಟ್ಟೆ ಹಿಡಿಯುವುದು, ಸೈಕಲ್ ಹ್ಯಾಂಡಲ್ ಹಿಡಿಯುವುದು ಹೇಗೆಂದು ಕಲಿಸುವ ಚಿಕಿತ್ಸಕರು ಬೇಕು. ಅವರಲ್ಲಿಗೆ ಹೋಗಿಬರುವ ಬಸ್ಸಿನ ಖರ್ಚು, ಆ ದಿನದ ಕೂಲಿಯ ನಷ್ಟ ಭರಿಸಲಾಗದೆ ಅನೇಕರು ಅರ್ಧದಲ್ಲೇ ಬಿಡುತ್ತಾರೆ. ಹೊಸ ಕೈ ಕೊಡಿಸುವಷ್ಟೇ ಪುಣ್ಯದ ಕೆಲಸ ಈ ಖರ್ಚನ್ನು ನೋಡಿಕೊಳ್ಳುವುದು.

ಮೂರು, ನೋವು. ಇಲ್ಲದ ಕೈ ನೋಯುತ್ತದೆ ಎಂದರೆ ಮನೆಯವರು ನಂಬುವುದಿಲ್ಲ. ಆದರೆ ಅದು ನಿಜವಾದ ನೋವು. ತಮಿಳುನಾಡು ಮೂಲದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಇದಕ್ಕೆ ಕನ್ನಡಿಯ ಚಿಕಿತ್ಸೆಯನ್ನು ಕಂಡುಹಿಡಿದರು. ಇರುವ ಕೈಯ ಪ್ರತಿಬಿಂಬ ಇಲ್ಲದ ಕೈಯ ಜಾಗದಲ್ಲಿ ಕಾಣುವಂತೆ ಕನ್ನಡಿ ಇಟ್ಟು ಕೈ ಆಡಿಸಿದಾಗ ಹಲವರ ನೋವು ತಗ್ಗಿತು. ಎಲ್ಲರಿಗೂ ಫಲಿಸದಿದ್ದರೂ ವೈದ್ಯರ ಸಲಹೆ ಪಡೆದು ಪ್ರಯತ್ನಿಸಲು ಕನ್ನಡಿಗಿಂತ ಹೆಚ್ಚಿನ ಖರ್ಚಿಲ್ಲ.

ನಾಲ್ಕು, ಮುನ್ನೆಚ್ಚರಿಕೆ. ಗರಗಸಕ್ಕೆ ಕವಚ, ಹುಲ್ಲು ಕತ್ತರಿಸುವ ಯಂತ್ರಕ್ಕೆ ತಡೆ, ಅಡಿಕೆ ತೋಟದಲ್ಲಿ ವಿದ್ಯುತ್ ತಂತಿಯಿಂದ ದೋಟಿಯನ್ನು ದೂರವಿಡುವ ಎಚ್ಚರ, ಇವೆಲ್ಲ ಅತ್ಯುತ್ತಮ ಕೃತಕ ಕೈಗಿಂತಲೂ ಉತ್ತಮ.

ಮುಂದಿನ ದಿನಗಳು

ಮುಂದೆ ಏನಾಗಬಹುದು? ಸ್ನಾಯುಗಳ ಸಂಕೇತವನ್ನು ಅರ್ಥಮಾಡಿಕೊಂಡು ಧರಿಸಿದವರ ಅಭ್ಯಾಸವನ್ನು ತಾನೇ ಕಲಿಯುವ ಕಂಪ್ಯೂಟರ್ ತಂತ್ರಾಂಶಗಳು ಈಗಾಗಲೇ ಬಳಕೆಗೆ ಬಂದಿವೆ. ಅವು ಇನ್ನಷ್ಟು ಚುರುಕಾಗಲಿವೆ. ಸ್ಪರ್ಶ ನೀಡುವ ಕೈಗಳು ಪ್ರಯೋಗಾಲಯದಿಂದ ಹೊರಬರಲು ದಾರಿ ತೆರೆದಿದೆ. ಇನ್ನೊಂದೆಡೆ ಕೇಂಬ್ರಿಜ್‌ನ ಸಂಶೋಧಕರು ಕೈ ಸರಿಯಿರುವವರಿಗೇ ಕಾಲಿನ ಹೆಬ್ಬೆರಳಿನಿಂದ ನಡೆಸುವ 'ಮೂರನೆಯ ಹೆಬ್ಬೆರಳು' ತೊಡಿಸಿ ನೋಡಿದ್ದಾರೆ. ಸುಮಾರು 600 ಮಂದಿ ಮಕ್ಕಳು, ಹಿರಿಯರು ಅದನ್ನು ಪ್ರಯತ್ನಿಸಿದರು, ಬಹುತೇಕ ಎಲ್ಲರೂ ಬೇಗನೆ ಕಲಿತರು. ಇದರಿಂದ ಮಿದುಳಿನ ಬಗ್ಗೆ ತಿಳಿಯಲು ಬಹಳಷ್ಟಿದೆ. ಆದರೆ ನಾಳೆ ಮಾರುಕಟ್ಟೆಯ ಹಣವೆಲ್ಲ ಇದ್ದವರಿಗೆ ಇನ್ನಷ್ಟು ಕೊಡುವ ಕಡೆಗೇ ಹರಿದರೆ, ಇಲ್ಲದವರು ಕಾಯುತ್ತಲೇ ಇರಬೇಕಾದೀತು. ಯಾರಿಗೆ ಮೊದಲು ಎಂಬ ಪ್ರಶ್ನೆಯನ್ನು ವಿಜ್ಞಾನಿಗಳ ಪಾಲಿಗೆ ಮಾತ್ರ ಬಿಡುವಂತಿಲ್ಲ. ಅದು ಸಮಾಜದ ಪ್ರಶ್ನೆ, ನಮ್ಮೆಲ್ಲರ ಪ್ರಶ್ನೆ.

ನಮ್ಮ ಭಾಷೆಯಲ್ಲಿ ನೆರವಾಗುವುದಕ್ಕೆ ಕೈಹಿಡಿಯುವುದು ಎನ್ನುತ್ತೇವೆ, ಮರೆತುಬಿಡುವುದಕ್ಕೆ ಕೈಬಿಡುವುದು ಎನ್ನುತ್ತೇವೆ. ಕೃತಕ ಕೈಯೊಂದನ್ನು ಕೊಟ್ಟು ಆಮೇಲೆ ಆ ಮನೆಯ ಕಡೆ ತಿರುಗಿ ನೋಡದಿದ್ದರೆ ನಾವು ಮಾಡಿದ್ದು ಯಾವುದು?

ಆ ಮನೆಯಿಂದ ಹೊರಡುವಾಗ ನಾನು ಅವರಲ್ಲಿ ಒಂದು ಪ್ರಶ್ನೆ ಕೇಳಿದೆ: "ನಿಮಗೆ ಬೇಕಾದಂಥ ಕೈ ಮಾಡಿಕೊಡುತ್ತೇವೆ ಎಂದರೆ ಅದು ಏನು ಮಾಡಬೇಕು?" ಅವರು ಸ್ವಲ್ಪ ಯೋಚಿಸಿ, "ಮಳೆಯಲ್ಲಿ ಕೊಡೆ ಹಿಡಿಯಬೇಕು ಫಾದರ್. ಈ ಕೈಯಲ್ಲಿ ಚೀಲ ಹಿಡಿದರೆ ಕೊಡೆ ಹಿಡಿಯಲಿಕ್ಕೆ ಇನ್ನೊಂದು ಇಲ್ಲವಲ್ಲ" ಎಂದರು. ಶಿಬಿರದಲ್ಲಿ ಅವರಿಗೆ ಕೈ ತೊಡಿಸಿದ ದಿನ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವಂತೆ. ಮುಂದಿನ ಶಿಬಿರವನ್ನು ಏರ್ಪಡಿಸುವವರು ಅಳತೆಪಟ್ಟಿ ಹಿಡಿಯುವ ಮೊದಲು ಇದನ್ನೊಂದು ಕೇಳಲಿ.